ಇಲಿ ಬಿದ್ದ ಊರು: ಬಿಟ್ಟು ಹೋದವರು ಸರಿಯೋ, ಉಳಿದವರು ಸರಿಯೋ?

ಪ್ರಶ್ನೆ: ನಮ್ಮದು ತುಮಕೂರು ಜಿಲ್ಲೆಯ ಒಂದು ಹಳ್ಳಿ. ಮುತ್ತಜ್ಜಿಯ ಕಾಲದಲ್ಲಿ ಊರಿಗೆ ಪಿಳೇಗು ಬಂದಾಗ ಎಲ್ಲರೂ ಮನೆಗೆ ಬೀಗ ಹಾಕಿ, ಹೊಲದಲ್ಲಿ ಗುಡಿಸಲು ಕಟ್ಟಿಕೊಂಡು ತಿಂಗಳುಗಟ್ಟಲೆ ಇದ್ದರಂತೆ. "ಇಲಿ ಬಿದ್ದರೆ ಮನೆ ಬಿಡಬೇಕು" ಅಂತ ನಮ್ಮಜ್ಜಿ ಈಗಲೂ ಹೇಳುತ್ತಾರೆ. ಮೊನ್ನೆ ಇಂಗ್ಲೆಂಡಿನ ಈಮ್ ಎಂಬ ಹಳ್ಳಿಯ ಕಥೆ ಓದಿದೆ. ಅಲ್ಲಿನ ಜನ ಪ್ಲೇಗ್ ಬಂದಾಗ ಊರು ಬಿಡದೆ, ತಮ್ಮನ್ನು ತಾವೇ ಕೂಡಿಹಾಕಿಕೊಂಡು, ತಾವು ಸತ್ತು ಸುತ್ತಲಿನ ಊರುಗಳನ್ನು ಉಳಿಸಿದರಂತೆ. ಹಾಗಾದರೆ ನಮ್ಮವರು ಮಾಡಿದ್ದು ಹೇಡಿತನವೇ? ಇಲಿಯ ಮಾತು ಬರೀ ಮೂಢನಂಬಿಕೆಯೇ?

ಉತ್ತರ: ನಿಮ್ಮ ಮುತ್ತಜ್ಜಿ ಮಾಡಿದ್ದು ಹೇಡಿತನವಲ್ಲ. ಇಲಿಯ ಮಾತಂತೂ ಮೂಢನಂಬಿಕೆ ಅಲ್ಲವೇ ಅಲ್ಲ. ದೊಡ್ಡ ದೊಡ್ಡ ವೈದ್ಯರು ಒಪ್ಪಲು ಹತ್ತು ವರ್ಷ ತಿಣುಕಾಡಿದ ಸತ್ಯ ಅದು. ಸಾರ್ವಜನಿಕ ಆರೋಗ್ಯವನ್ನು ಪಾಠ ಹೇಳಿಕೊಂಡು ಬಂದವನು ನಾನು. ಈ ಪ್ರಶ್ನೆ ಬಂದಾಗಲೆಲ್ಲ ಕೊಂಚ ಉದ್ದಕ್ಕೇ ಉತ್ತರಿಸುತ್ತೇನೆ, ಏಕೆಂದರೆ ನಮ್ಮ ಹಿರಿಯರ ಬಗ್ಗೆ ನಾವೇ ತಪ್ಪು ತಿಳಿದುಕೊಂಡಿರುವ ಸಂಗತಿ ಇದು.

ಮೊದಲು ಈಮ್ ಕಥೆಯನ್ನೇ ನೋಡೋಣ. ಅದು ಡರ್ಬಿಶೈರ್‌ನ ಗುಡ್ಡಗಾಡಿನ ಹಳ್ಳಿ. 1665ರಲ್ಲಿ ಲಂಡನ್ನಿನಲ್ಲಿ ಪ್ಲೇಗ್ ಹೊತ್ತಿ ಉರಿಯುತ್ತಿದ್ದಾಗ ಅಲ್ಲಿಂದ ಈ ಊರಿನ ದರ್ಜಿಯೊಬ್ಬನ ಮನೆಗೆ ಬಟ್ಟೆಯ ಪೆಟ್ಟಿಗೆ ಬಂತು. ಬಟ್ಟೆ ತೇವವಾಗಿತ್ತೆಂದು ದರ್ಜಿಯ ಸಹಾಯಕ ಜಾರ್ಜ್ ವಿಕರ್ಸ್ ಅದನ್ನು ಒಲೆಯ ಮುಂದೆ ಹರವಿ ಒಣಗಿಸಿದನಂತೆ. ಸೆಪ್ಟೆಂಬರ್ ಮೊದಲ ವಾರದಲ್ಲೇ ಅವನ ಹೆಣ ಹೂಳಬೇಕಾಯಿತು. ಚಳಿಗಾಲದಲ್ಲಿ ಕಾಯಿಲೆ ಇಳಿದಂತೆ ಕಂಡಿತು. ಮರುವರ್ಷ ಜೂನ್ ಹೊತ್ತಿಗೆ ಮತ್ತೆ ಏರಿತು. ಆಗ ಊರಿನ ಪಾದ್ರಿ ವಿಲಿಯಂ ಮಾಂಪೆಸನ್ ಮತ್ತು ಆತನಿಗಿಂತ ಮುಂಚೆ ಆ ಚರ್ಚಿನಲ್ಲಿದ್ದು ಹುದ್ದೆ ಕಳೆದುಕೊಂಡಿದ್ದ ಥಾಮಸ್ ಸ್ಟ್ಯಾನ್ಲಿ ಒಂದಾದರು. ಧರ್ಮದ ವಿಷಯದಲ್ಲಿ ಒಬ್ಬರಿಗೊಬ್ಬರು ಆಗದವರು ಇವರು. ಇಬ್ಬರೂ ಸೇರಿ ಊರಿನವರ ಮುಂದೆ ಮೂರು ಮಾತು ಇಟ್ಟರು: ಅವರವರ ಹೆಣ ಅವರವರೇ ತಮ್ಮ ಜಮೀನಿನಲ್ಲಿ ಹೂಳಬೇಕು, ಪ್ರಾರ್ಥನೆ ಚರ್ಚಿನೊಳಗೆ ಬೇಡ, ಬಯಲಿನಲ್ಲಿ ದೂರ ದೂರ ನಿಂತು ಮಾಡೋಣ, ಊರ ಗಡಿ ಯಾರೂ ದಾಟಬಾರದು.

ಗಡಿಯಲ್ಲಿ ಕುಳಿ ಕೊರೆದ ಒಂದು ಕಲ್ಲು ಇಂದಿಗೂ ಇದೆ. ಆ ಕುಳಿಗಳಿಗೆ ವಿನಿಗರ್ ಸುರಿದು ಅದರೊಳಗೆ ನಾಣ್ಯ ಇಡುತ್ತಿದ್ದರು. ಪಕ್ಕದೂರಿನವರು ಬಂದು ನಾಣ್ಯ ತೆಗೆದುಕೊಂಡು ದವಸ ಇಟ್ಟು ಹೋಗುತ್ತಿದ್ದರು. ಸಮೀಪದ ಚಾಟ್ಸ್‌ವರ್ತ್‌ನಲ್ಲಿದ್ದ ಡೆವನ್‌ಶೈರ್‌ನ ಅರ್ಲ್ ಕೂಡ ಆಹಾರ ಕಳಿಸಿಕೊಟ್ಟ. ಜನ ಮಾತಿಗೆ ನಿಂತರು. ಆಗಸ್ಟ್ ತಿಂಗಳಲ್ಲಿ ಸಾವು ತುತ್ತತುದಿಗೆ ಮುಟ್ಟಿತು. ಎಲಿಜಬೆತ್ ಹ್ಯಾನ್ಕಾಕ್ ಎಂಬ ಹೆಂಗಸು ಎಂಟು ದಿನದೊಳಗೆ ಗಂಡನನ್ನೂ ಆರು ಮಕ್ಕಳನ್ನೂ ಒಬ್ಬಳೇ ಮಣ್ಣು ಮಾಡಿದಳು. ಹೆಣಗಳ ಕಾಲಿಗೆ ಬಟ್ಟೆ ಕಟ್ಟಿ ಹೊಲಕ್ಕೆ ಎಳೆದುಕೊಂಡು ಹೋಗುತ್ತಿದ್ದಳು, ಎದುರು ಗುಡ್ಡದ ಮೇಲಿನ ಊರಿನವರು ನಿಂತು ನೋಡುತ್ತಿದ್ದರು, ಹತ್ತಿರ ಬರಲಾರದೆ ಹೋದರು ಎಂದು ಅಲ್ಲಿನವರು ಹೇಳುತ್ತಾರೆ. ಆ ಏಳು ಸಮಾಧಿಗಳಿಗೆ ಈಗ ಕಲ್ಲಿನ ಸುತ್ತುಗೋಡೆ ಇದೆ. ಅದೇ ತಿಂಗಳ ಕೊನೆಗೆ ಪಾದ್ರಿಯ ಹೆಂಡತಿ ಕ್ಯಾಥರೀನ್ ಕೂಡ ಹೋದಳು. ನವೆಂಬರ್ ಮೊದಲಿಗೆ ಎಲ್ಲ ನಿಂತಾಗ ಸುಮಾರು 260 ಮಂದಿ ಸತ್ತಿದ್ದರು. 76 ಮನೆಗಳಿಗೆ ಕಾಯಿಲೆ ಹೊಕ್ಕಿತ್ತು ಎಂದು ಮಾಂಪೆಸನ್ ತನ್ನ ಪತ್ರದಲ್ಲಿ ಬರೆದಿದ್ದಾನೆ. ಊರಿನಲ್ಲಿ ಇದ್ದವರೇ 350 ಮಂದಿ ಎಂದು ಹಳೆಯ ಲೆಕ್ಕ. ಈಚಿನ ಅಧ್ಯಯನಗಳ ಪ್ರಕಾರ ಅದರ ಎರಡರಷ್ಟು ಜನ ಇದ್ದರು. ಹಾಗಿಟ್ಟುಕೊಂಡರೂ ಮೂವರಲ್ಲಿ ಒಬ್ಬರು ಹೋದಂತಾಯಿತು.

ಈ ತ್ಯಾಗದ ಮುಂದೆ ನಾನು ತಲೆಬಾಗುತ್ತೇನೆ. ಆದರೆ ವೈದ್ಯನಾಗಿ ಒಂದು ನೋವಿನ ಮಾತು ಹೇಳಲೇಬೇಕು. ಅವರು ಗಡಿ ದಾಟಲಿಲ್ಲ, ಅದು ಸರಿ. ಆದರೆ ಹೆಚ್ಚಿನವರು ಮನೆಯನ್ನೂ ಬಿಡಲಿಲ್ಲ. ಸಾವು ಇದ್ದದ್ದು ಆ ಮನೆಯ ಒಳಗೇ.

ಏಕೆಂದು ತಿಳಿಯಲು ಇಲಿಯ ಕಡೆಗೆ ಬರಬೇಕು. ಪ್ಲೇಗ್ ಮೂಲತಃ ಇಲಿ, ಹೆಗ್ಗಣ, ಅಳಿಲುಗಳ ಕಾಯಿಲೆ. ಇಲಿಯ ಮೈಮೇಲೆ ಬದುಕುವ ಚಿಗಟ ಅದರ ರಕ್ತ ಹೀರುವಾಗ ರೋಗಾಣುವನ್ನೂ ಹೀರುತ್ತದೆ. ಆ ರೋಗಾಣು ಚಿಗಟದ ಹೊಟ್ಟೆಯ ಬಾಗಿಲಲ್ಲೇ ಗಡ್ಡೆ ಕಟ್ಟಿ ದಾರಿ ಮುಚ್ಚುತ್ತದೆ. ಎಷ್ಟು ಹೀರಿದರೂ ಹೊಟ್ಟೆಗೆ ಇಳಿಯದ ಚಿಗಟ ಹಸಿವು ತಾಳಲಾರದೆ ಸಿಕ್ಕ ಸಿಕ್ಕ ಕಡೆ ಕಚ್ಚುತ್ತದೆ, ಕಚ್ಚಿದಾಗಲೆಲ್ಲ ರೋಗಾಣುವನ್ನು ಗಾಯದೊಳಕ್ಕೆ ಕಕ್ಕುತ್ತದೆ. ಇಲಿ ಸತ್ತು ಮೈ ತಣ್ಣಗಾಯಿತೆಂದರೆ ಚಿಗಟ ಅದನ್ನು ಬಿಟ್ಟು ಇಳಿಯುತ್ತದೆ. ಮೊದಲು ಇನ್ನೊಂದು ಇಲಿ ಹುಡುಕುತ್ತದೆ. ಇಲಿಗಳೆಲ್ಲ ಮುಗಿದ ಮೇಲೆ ಮನುಷ್ಯ.

ಹಾಗಾಗಿ ಮನೆಯಲ್ಲಿ ಇಲಿ ಬೀಳತೊಡಗಿದ್ದಕ್ಕೂ ಮನುಷ್ಯನಿಗೆ ತೊಡೆಸಂದಿನಲ್ಲೋ ಕಂಕುಳಲ್ಲೋ ಗಡ್ಡೆ ಏಳುವುದಕ್ಕೂ ನಡುವೆ ಸುಮಾರು ಹತ್ತರಿಂದ ಹದಿನಾಲ್ಕು ದಿನ ಅಂತರ ಇರುತ್ತದೆ. ಆ ಎರಡು ವಾರದೊಳಗೆ ಮನೆ ಬಿಟ್ಟವರು ಉಳಿದುಕೊಳ್ಳುತ್ತಾರೆ. ನಿಮ್ಮಜ್ಜಿಯ ಮಾತಿನಲ್ಲಿರುವುದು ಇದೇ ಲೆಕ್ಕ.

ಈ ಲೆಕ್ಕ ಪುಸ್ತಕಕ್ಕೆ ಬರುವ ಮುಂಚೆಯೇ ಜನರಿಗೆ ಗೊತ್ತಿತ್ತು. 17ನೇ ಶತಮಾನದಲ್ಲಿ ಜಹಾಂಗೀರ್ ಬಾದಶಹನ ದಿನಚರಿಯಲ್ಲೇ ಕುಡಿದವರಂತೆ ತೂರಾಡುತ್ತಾ ಹೊರಬಂದು ಬಿದ್ದ ಇಲಿಯೊಂದರ, ಅದನ್ನು ಹಿಡಿದ ಬೆಕ್ಕು ಕಾಯಿಲೆ ಬಿದ್ದದ್ದರ, ಆಮೇಲೆ ಆ ಮನೆಯವರು ಸಾಲಾಗಿ ಮಲಗಿದ್ದರ ವಿವರ ಇದೆ. ಹಿಮಾಲಯದ ಗಢವಾಲ್, ಕುಮಾವೂಂ ಕಡೆಯ ಹಳ್ಳಿಗರು ಇಲಿ ಸತ್ತ ಕೂಡಲೇ ಊರು ಬಿಟ್ಟು ಗುಡ್ಡ ಹತ್ತುತ್ತಿದ್ದರೆಂದು 19ನೇ ಶತಮಾನದ ನಡುವಿನಲ್ಲೇ ಬ್ರಿಟಿಷ್ ವೈದ್ಯರು ಬರೆದಿಟ್ಟಿದ್ದಾರೆ. ಬರೆದಿಟ್ಟರು, ಆದರೆ ಪಾಠ ಕಲಿಯಲಿಲ್ಲ.

1896ರ ಸೆಪ್ಟೆಂಬರಿನಲ್ಲಿ ಬೊಂಬಾಯಿಯ ಮಾಂಡ್ವಿಯಲ್ಲಿ ಪ್ಲೇಗ್ ಕಾಣಿಸಿಕೊಂಡಾಗ ಸರ್ಕಾರ ನಂಬಿದ್ದು ಕೊಳಕು, ಕೆಟ್ಟ ಗಾಳಿ, ಜನರ ಓಡಾಟ ಇವನ್ನು. ಗೋಡೆಗೆ ಸುಣ್ಣ, ನೆಲಕ್ಕೆ ಕಾರ್ಬಾಲಿಕ್ ಆಮ್ಲ, ರೈಲು ನಿಲ್ದಾಣದಲ್ಲಿ ಪ್ರಯಾಣಿಕರ ಮೈ ಮುಟ್ಟಿ ತಪಾಸಣೆ. ಪುಣೆಯಲ್ಲಿ ಸೈನಿಕರು ಅಡುಗೆ ಮನೆಗೂ ದೇವರ ಮನೆಗೂ ನುಗ್ಗಿದರು. 1897ರ ಜೂನ್‌ನಲ್ಲಿ ಅಲ್ಲಿನ ಪ್ಲೇಗ್ ಅಧಿಕಾರಿ ರ‍್ಯಾಂಡ್‌ನ ಕೊಲೆಯಾದದ್ದು ಆ ಸಿಟ್ಟಿನಿಂದ. ಅದೇ ಹೊತ್ತಿನಲ್ಲಿ ಪಾಲ್ ಲೂಯಿ ಸಿಮೊಂಡ್ ಎಂಬ ಫ್ರೆಂಚ್ ವೈದ್ಯ 1898ರ ಜೂನ್‌ನಲ್ಲಿ ಕರಾಚಿಯ ಒಂದು ಹೋಟೆಲಿನಲ್ಲಿ ಕುಳಿತು ಗಾಜಿನ ಪಾತ್ರೆಯೊಳಗೆ ಪ್ರಯೋಗ ಮಾಡಿದ. ಕಾಯಿಲೆಯ ಇಲಿಯಿಂದ ಆರೋಗ್ಯದ ಇಲಿಗೆ ರೋಗ ದಾಟಿಸುವುದು ಚಿಗಟ ಎಂದು ತೋರಿಸಿದ. ಯಾರೂ ನಂಬಲಿಲ್ಲ. 1905ರಿಂದ ಮುಂದೆ ಬೊಂಬಾಯಿಯಲ್ಲಿ ಪ್ಲೇಗ್ ಆಯೋಗದವರು ಮತ್ತೆ ಮತ್ತೆ ಪರೀಕ್ಷೆ ಮಾಡಿದ ಮೇಲಷ್ಟೇ ಅದು ಶಾಸ್ತ್ರವಾಯಿತು.

ಆ ಪರೀಕ್ಷೆಗಳಲ್ಲಿ ಒಂದನ್ನು ನನ್ನ ವಿದ್ಯಾರ್ಥಿಗಳಿಗೆ ತಪ್ಪದೆ ಹೇಳುತ್ತಿದ್ದೆ. ಪ್ಲೇಗ್ ಚಿಗಟ ಇದ್ದ ಕೋಣೆಯಲ್ಲಿ ಗಿನಿ ಹಂದಿಗಳನ್ನು ಪಂಜರದಲ್ಲಿಟ್ಟು ತೂಗುಹಾಕಿದರು. ನೆಲದಿಂದ ಎರಡೇ ಅಂಗುಲ ಮೇಲಿದ್ದವು ಕಾಯಿಲೆ ಬಿದ್ದವು, ಎರಡು ಅಡಿ ಮೇಲಿದ್ದವು ಉಳಿದವು. ಚಿಗಟ ಮೇಲಕ್ಕೆ ನೆಗೆಯುವುದು ನಾಲ್ಕೈದು ಅಂಗುಲವಷ್ಟೇ. ಈಗ ನಮ್ಮ ಹಳ್ಳಿಯ ಮನೆ ನೆನೆಸಿಕೊಳ್ಳಿ. ಅಟ್ಟದ ಮೇಲೆ ಇಲಿ, ಮೂಲೆಯಲ್ಲಿ ರಾಗಿ ವಾಡೆ, ಕತ್ತಲ ನಡುಮನೆ, ಮಣ್ಣು ನೆಲದ ಮೇಲೆ ಚಾಪೆ ಹಾಸಿ ಸಾಲಾಗಿ ಮಲಗಿದ ಮಕ್ಕಳು. ಚಿಗಟಕ್ಕೆ ನೆಗೆಯುವ ಶ್ರಮವೂ ಬೇಡ.

ಬೆಂಗಳೂರಿಗೆ ಪ್ಲೇಗ್ ಬಂದದ್ದು 1898ರ ಆಗಸ್ಟ್‌ನಲ್ಲಿ, ಹುಬ್ಬಳ್ಳಿ ಕಡೆಯಿಂದ ರೈಲಿನ ಜೊತೆ. ವಿ.ಪಿ. ಮಾಧವರಾಯರು ಮೈಸೂರು ಸಂಸ್ಥಾನದ ಪ್ಲೇಗ್ ಕಮಿಷನರ್ ಆದರು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೇಗ ಬೆಳೆದದ್ದು, ಬೆಂಗಳೂರಿನ ಬೀದಿಗಳಲ್ಲಿ ಪ್ಲೇಗ್ ಮಾರಮ್ಮನ ಗುಡಿಗಳು ಎದ್ದದ್ದು ಆ ಕಾಲದ ಗುರುತು. ಪಟ್ಟಣದ ಚರಿತ್ರೆ ಎಲ್ಲರೂ ಹೇಳುತ್ತಾರೆ. ಹಳ್ಳಿಯದನ್ನು ಹೇಳುವವರು ನಿಮ್ಮಜ್ಜಿಯಂಥವರು ಮಾತ್ರ.

ಹಳ್ಳಿಯಲ್ಲಿ ಪಿಳೇಗು ಒಂದು ಸಲ ಬಂದು ಹೋಗಲಿಲ್ಲ. ವರ್ಷ ಬಿಟ್ಟು ವರ್ಷ ಬಂತು, ಮಳೆಗಾಲ ಹಿಂದಾಗಿ ಚಳಿ ಬೀಳುವ ಹೊತ್ತಿಗೆ ಏರಿ, ಬಿರುಬೇಸಿಗೆ ಬಂದಂತೆ ಇಳಿಯಿತು. ಒಣ ಸೆಕೆಯಲ್ಲಿ ಚಿಗಟ ಹೆಚ್ಚು ದಿನ ಬಾಳುವುದಿಲ್ಲ, ಅದು ಕಾರಣ. ಪಿಳೇಗಿನ ಈ ತಿಂಗಳುಗಳೂ ನಮ್ಮ ಸುಗ್ಗಿಯ ತಿಂಗಳುಗಳೂ ಒಂದೇ. ರಾಗಿ ಕೊಯ್ದು, ಮೆದೆ ಒಟ್ಟಿ, ಕಣ ಮಾಡಿ, ರಾತ್ರಿ ಕಾವಲಿಗೆ ಹೊಲದಲ್ಲೇ ಮಲಗುವುದು ರೈತನಿಗೆ ಹೇಗೂ ಇದ್ದದ್ದೇ. ಸೋಗೆಯನ್ನೋ ಹುಲ್ಲನ್ನೋ ಹೊದಿಸಿ ಗುಡಿಸಲು ಎಬ್ಬಿಸಲು ಅರ್ಧ ದಿನ ಸಾಕು. ಹಾಗಾಗಿ ಊರು ಬಿಡುವುದು ನಮ್ಮ ಜನಕ್ಕೆ ಈಮ್ ಜನರಿಗಿಂತ ಸುಲಭವಾಯಿತು ಎಂದು ನನ್ನ ಅನಿಸಿಕೆ. ಬಿಸಿಲಿಗೆ ಒಡ್ಡಿದ ಕಂಬಳಿ, ಬಯಲ ಗಾಳಿ, ಒಂದು ಗುಡಿಸಲಿಗೂ ಇನ್ನೊಂದಕ್ಕೂ ನಡುವೆ ನಾಲ್ಕು ಮಾರು ಜಾಗ. ಇಲಿಗೆ ಅಲ್ಲಿ ಅಟ್ಟವಿಲ್ಲ, ಬಿಲ ತೋಡಿದ ಗೋಡೆಯಿಲ್ಲ. ಊರಿನ ಮನೆಗಳ ಹೆಂಚು ತೆಗೆಸಿ ಬಿಸಿಲು ಒಳಗೆ ಬೀಳುವಂತೆ ಮಾಡುವುದೂ ಅಂದಿನ ಕ್ರಮಗಳಲ್ಲಿ ಒಂದು.

ಮುಖ್ಯವಾದದ್ದು ಇನ್ನೊಂದಿದೆ. ನಿಮ್ಮ ಮುತ್ತಜ್ಜಿ ಬಿಟ್ಟದ್ದು ಮನೆಯನ್ನು, ಊರಿನ ಎಲ್ಲೆಯನ್ನಲ್ಲ. ತಮ್ಮ ಹೊಲದಲ್ಲೇ ನಿಂತರು. ಬೀಗರ ಊರಿಗೆ ಗಂಟುಮೂಟೆ ಕಟ್ಟಿಕೊಂಡು ಓಡಿದ್ದರೆ ಆ ಗಂಟಿನೊಳಗೆ ಚಿಗಟವೂ ಹೋಗುತ್ತಿತ್ತು, ಲಂಡನ್ನಿನ ಬಟ್ಟೆಯೊಳಗೆ ಈಮ್‌ಗೆ ಬಂದ ಹಾಗೆ. ಹೊಲದಲ್ಲಿ ನಿಂತವರು ತಾವೂ ಉಳಿದರು, ಪಕ್ಕದ ಊರಿಗೂ ಕಾಯಿಲೆ ಹೊತ್ತು ಒಯ್ಯಲಿಲ್ಲ. ಈಮ್ ಸಾಧಿಸಿದ್ದರಲ್ಲಿ ಅರ್ಧವನ್ನು ಅವರೂ ಸಾಧಿಸಿದರು, ಈಮ್ ತೆತ್ತ ಬೆಲೆ ತೆರದೆ. ಓಡಿದವರು ಇರಲಿಲ್ಲವೆಂದಲ್ಲ. ಇದ್ದರು, ಅವರಿಂದ ಕಾಯಿಲೆ ಹರಡಿತು ಕೂಡ. ನಾನು ಮೆಚ್ಚುತ್ತಿರುವುದು ಹೊಲದ ಗುಡಿಸಲನ್ನು.

ಈಮ್‌ನಲ್ಲೂ ಹಾಗೆ ಮಾಡಿದವನೊಬ್ಬನ ಕಥೆ ಉಳಿದಿದೆ. ಮೆರಿಲ್ ಎಂಬ ರೈತ ಊರಾಚೆ ಗುಡಿಸಲು ಹಾಕಿಕೊಂಡು ಒಂದು ಹುಂಜದ ಜೊತೆ ಒಬ್ಬನೇ ಇದ್ದನಂತೆ. ಒಂದು ದಿನ ಹುಂಜ ತಾನಾಗಿ ಹಾರಿಹೋಗಿ ಹಳೆಯ ಮನೆ ಸೇರಿಕೊಂಡಿತು. ಅದು ವಾಪಸು ಬರಲಿಲ್ಲವೆಂದ ಮೇಲೆ ಅಲ್ಲಿ ಅಪಾಯ ಕಳೆದಿರಬೇಕೆಂದು ಅವನೂ ಮನೆಗೆ ಹೋದ, ಬದುಕಿಕೊಂಡ. ಇದು ಅಲ್ಲಿನ ಜನರ ಬಾಯಿಂದ ಬಾಯಿಗೆ ಬಂದ ಕಥೆ. ಆದರೆ ಓದಿದಾಗ ನನಗೆ ಕಣ್ಣೆದುರಿಗೆ ಬಂದದ್ದು ನಮ್ಮ ಹಳ್ಳಿಯ ಗುಡಿಸಲೇ.

ನಾನು ಹೇಳಿದ್ದಕ್ಕೆ ಒಂದು ತಿದ್ದುಪಡಿಯನ್ನೂ ಇಲ್ಲೇ ಸೇರಿಸಬೇಕು. 2016ರಲ್ಲಿ ಇಬ್ಬರು ವಿಜ್ಞಾನಿಗಳು ಈಮ್ ಚರ್ಚಿನ ಸಾವಿನ ದಾಖಲೆಗಳನ್ನು ಲೆಕ್ಕ ಹಾಕಿ ನೋಡಿದರು. ಅಲ್ಲಿ ಸುಮಾರು ಮುಕ್ಕಾಲು ಪಾಲು ಸೋಂಕು ಮನುಷ್ಯರಿಂದ ಮನುಷ್ಯರಿಗೆ ದಾಟಿರಬೇಕು, ಉಳಿದ ಕಾಲು ಪಾಲು ಮಾತ್ರ ಇಲಿಗಳಿಂದ ಬಂದದ್ದು ಎಂದರು. ಮನುಷ್ಯರ ಮೈಯ ಚಿಗಟ, ಹೇನು, ಕೆಮ್ಮಿನ ತುಂತುರು, ಹೀಗೆ ದಾರಿ ಹಲವು. ಅದು ನಿಜವಾದರೆ ಈಮ್ ಗಡಿ ಮುಚ್ಚಿದ್ದಕ್ಕೆ ಇನ್ನಷ್ಟು ಬೆಲೆ ಬರುತ್ತದೆ. ಒಂದೇ ಸೂರಿನಡಿ ರೋಗಿಯ ಜೊತೆ ಕೂಡಿಕೊಂಡು ಇದ್ದದ್ದು ಅಷ್ಟೇ ಘಾತಕವಾಯಿತು ಎಂದೂ ಆಗುತ್ತದೆ. ಹೇಗೆ ನೋಡಿದರೂ ಚದುರಿ ಬಯಲಿಗೆ ಹೋದವರಿಗೇ ಲಾಭ.

ಹೊಲದ ಬದುಕು ಸುಖದ್ದಾಗಿತ್ತು ಎಂದು ದಯವಿಟ್ಟು ಭಾವಿಸಬೇಡಿ. ಮಾಗಿಯ ಚಳಿಯಲ್ಲಿ ಬಾಣಂತಿಯರು, ಹಸುಗೂಸುಗಳು ಹುಲ್ಲಿನ ಮರೆಯಲ್ಲಿ ಮಲಗಿದರು. ಹೊಲವೇ ಇಲ್ಲದ ಕೂಲಿಯವರು ಎಲ್ಲಿಗೆ ಹೋಗಬೇಕು? ಬೀಗ ಹಾಕಿದ ಊರಿಗೆ ಕಳ್ಳರ ಕಾಟ. ಊರು ಕಾಯುವುದು ತಳವಾರ, ತೋಟಿಗಳ ಪಾಲಿನ ಕೆಲಸ, ಉಳಿದವರು ಬಿಟ್ಟು ಬಂದ ಅದೇ ಗಲ್ಲಿಗಳಲ್ಲಿ ಅವರು ತಿರುಗಬೇಕಿತ್ತು. ಈಮ್‌ನ ತ್ಯಾಗಕ್ಕೆ ಪ್ರತಿವರ್ಷ ಆಗಸ್ಟಿನ ಕೊನೆಯ ಭಾನುವಾರ ಪ್ರಾರ್ಥನೆ ನಡೆಯುತ್ತದೆ. ನಮ್ಮ ತಳವಾರ, ತೋಟಿಗಳನ್ನು ನೆನೆಯಲು ಒಂದು ಕಲ್ಲೂ ಇಲ್ಲವಲ್ಲ ಎಂದು ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಜನ ಸೂಜಿಗೆ ಹೆದರಿದ್ದನ್ನೂ ಹಂಗಿಸಬಾರದು. ಹಾಫ್‌ಕಿನ್ ಎಂಬ ವಿಜ್ಞಾನಿ ಬೊಂಬಾಯಿಯಲ್ಲಿ ಪ್ಲೇಗ್ ಲಸಿಕೆ ಕಂಡುಹಿಡಿದು 1897ರ ಜನವರಿ 10ರಂದು ಮೊದಲು ತನಗೇ ಚುಚ್ಚಿಕೊಂಡ. ಮರುವರ್ಷ ಹುಬ್ಬಳ್ಳಿ, ಧಾರವಾಡಗಳಲ್ಲಿ ಸಾವಿರಾರು ಜನ ಅದನ್ನು ಹಾಕಿಸಿಕೊಂಡರು. ಆದರೆ 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಒಂದೇ ಬಾಟಲಿಯ ಲಸಿಕೆ ಹಾಕಿಸಿಕೊಂಡ 19 ಜನ ಧನುರ್ವಾಯುವಿನಿಂದ ಸತ್ತರು. ತಪ್ಪು ಹಾಫ್‌ಕಿನ್‌ನದಲ್ಲವೆಂದು ತೀರ್ಮಾನವಾಗಲು ಐದು ವರ್ಷ ಹಿಡಿಯಿತು. ಅಂಥ ಸುದ್ದಿ ಕೇಳಿದ ತಾಯಿ ಮಗುವನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡರೆ ಅದನ್ನು ಅಜ್ಞಾನ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಇನ್ನು ಮಾರಮ್ಮನ ವಿಷಯ. ಮಾರಿಯನ್ನು ಗಡಿ ದಾಟಿಸುವ ಪದ್ಧತಿ, ಇಡೀ ಊರು ಖಾಲಿ ಮಾಡಿ ಹೊರಗೆ ಅಡುಗೆ ಮಾಡಿಕೊಂಡು ಉಣ್ಣುವ ಹೊರಬೀಡು ಕೆಲವು ಕಡೆ ಇಂದಿಗೂ ಇವೆ. ಇವೆಲ್ಲ ಪಿಳೇಗಿನಿಂದಲೇ ಹುಟ್ಟಿದವು ಎನ್ನುವವರಿದ್ದಾರೆ, ನಾನು ಹಾಗೆ ಹೇಳಲಾರೆ. ಸಿಡುಬು, ಕಾಲರಾ ಇವೆಲ್ಲ ಇನ್ನೂ ಹಳೆಯವು, ಮಾರಮ್ಮನೂ ಹಳಬಳು. ಆದರೆ ಬೇನೆ ಬಂದಾಗ ಊರು ಬಿಡುವುದು ಎಂಬ ಅಭ್ಯಾಸ ಜನರ ಕೈಯಲ್ಲಿ ಮೊದಲೇ ಇತ್ತು, ಪಿಳೇಗು ಬಂದಾಗ ಅದು ಕೆಲಸಕ್ಕೆ ಬಂತು. ಹಾಗೆಯೇ ನಿಮ್ಮ ಕಡೆ ಕಂದಾಯ ದಾಖಲೆಯಲ್ಲಿ "ಬೇಚರಾಕ್ ಗ್ರಾಮ" ಎಂದು ಬರೆದ ಹಾಳೂರು ಇದ್ದರೆ ಅದನ್ನು ಪಿಳೇಗಿನ ಊರು ಎಂದು ಕೂಡಲೇ ತೀರ್ಮಾನಿಸಬೇಡಿ. ಬೇಚರಾಕ್ ಎಂದರೆ ದೀಪವಿಲ್ಲದ ಊರು ಎಂದರ್ಥ. 1876-78ರ ಧಾತು ಈಶ್ವರ ಬರದಲ್ಲಿ ದೀಪ ಆರಿದ ಊರುಗಳೂ ಇವೆ, ನೀರಿಲ್ಲದೆ ಬಿಟ್ಟವೂ ಇವೆ. ಊರಿನ ಹಿರಿಯರನ್ನು ಕೇಳಿ, ಗುಡಿಸಲು ಹಾಕಿದ್ದ ಹೊಲ ಯಾವುದು, ಎಷ್ಟು ತಿಂಗಳು ಇದ್ದರು, ಯಾರು ತೀರಿಹೋದರು ಎಂದು ಬರೆದಿಟ್ಟುಕೊಳ್ಳಿ.

ಕೊನೆಗೆ, ಅಜ್ಜಿಯ ಮಾತನ್ನು ಇಂದು ಪಾಲಿಸಬೇಕೇ ಎಂಬುದು. ಪ್ಲೇಗ್ ಪೂರ್ತಿ ಹೋಗಿಲ್ಲ. 1966ರಲ್ಲಿ ಕೋಲಾರದ ಕಡೆ ಕಂಡ ಮೇಲೆ ದೇಶದಲ್ಲಿ 28 ವರ್ಷ ಸದ್ದಿರಲಿಲ್ಲ. 1994ರಲ್ಲಿ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಮಾಮ್ಲಾ ಎಂಬ ಹಳ್ಳಿಯಲ್ಲಿ ಮತ್ತೆ ಕಾಣಿಸಿತು. ಹಿಂದಿನ ವರ್ಷದ ಭೂಕಂಪದ ಭಯಕ್ಕೆ ಜನ ಕಾಳು ತುಂಬಿದ ಮನೆಗಳನ್ನು ಬಿಟ್ಟು ಹೊರಗಿದ್ದರು, ಇಲಿಗಳು ಆ ಕಾಳು ತಿಂದು ಹೆಚ್ಚಿದವು ಎಂಬ ವಿವರಣೆ ಇದೆ. ಮನೆ ಬಿಡುವಾಗ ದವಸ ಹೊರಗೆ ಸಾಗಿಸದಿದ್ದರೆ ಏನಾದೀತು ಎಂಬುದಕ್ಕೆ ಇದು ಸಾಕ್ಷಿ. ಅದೇ ವರ್ಷ ಸೂರತ್‌ನಲ್ಲಿ ಬಂದದ್ದು ಶ್ವಾಸಕೋಶದ ಪ್ಲೇಗ್. ಅದು ಕೆಮ್ಮಿನಿಂದ ನೇರವಾಗಿ ಹರಡುತ್ತದೆ. ಲಕ್ಷಾಂತರ ಜನ ರೈಲು, ಬಸ್ಸು ಹತ್ತಿ ಊರು ಬಿಟ್ಟರು. ಅಂಥ ಪ್ಲೇಗಿನಲ್ಲಿ ಓಡುವುದು ಅಪಾಯ, ಅಲ್ಲಿ ಸರಿಯಾದದ್ದು ಈಮ್ ದಾರಿಯೇ.

ನಮ್ಮಜ್ಜಿ ಸತ್ತ ಇಲಿ ಕಂಡರೆ ಬರಿಗೈಯಲ್ಲಿ ಮುಟ್ಟಲು ಯಾರಿಗೂ ಬಿಡುತ್ತಿರಲಿಲ್ಲ. ದೂರದಿಂದಲೇ ಅದರ ಮೇಲೆ ಸೀಮೆಎಣ್ಣೆ ಸುರಿದು, ಇಕ್ಕಳದಲ್ಲಿ ಹಿಡಿದು ತಿಪ್ಪೆಯ ಹತ್ತಿರ ಒಯ್ದು ಸುಡುತ್ತಿದ್ದರು. ಚಿಗಟದ ಹೆಸರು ಅವರಿಗೆ ಗೊತ್ತಿರಲಿಲ್ಲ, ಆದರೆ ಸೀಮೆಎಣ್ಣೆಗೆ ಮೊದಲು ಸಾಯುತ್ತಿದ್ದದ್ದು ಚಿಗಟವೇ. ಇವತ್ತು ಒಂದೆರಡು ಇಲಿ ಸತ್ತರೆ ಅದಕ್ಕೆ ಪಾಷಾಣವೇ ಕಾರಣವಿರಬಹುದು, ಹೆದರಬೇಡಿ. ಕಾರಣವಿಲ್ಲದೆ ಸಾಲುಸಾಲಾಗಿ ಬೀಳತೊಡಗಿದರೆ ಮನೆ ಬಿಡುವುದಕ್ಕಿಂತ ಮೊದಲು ಆಶಾ ಕಾರ್ಯಕರ್ತೆಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಿಳಿಸಿ. ಉಳಿದ ಇಲಿಗಳನ್ನು ಕೊಲ್ಲಲು ನೀವೇ ಹೊರಡಬೇಡಿ. ಮೊದಲು ಚಿಗಟಕ್ಕೆ ಔಷಧಿ ಹೊಡೆಯಬೇಕು, ಇಲ್ಲದಿದ್ದರೆ ಸತ್ತ ಇಲಿಯಿಂದ ಅವು ನಿಮ್ಮ ಮೇಲೇ ಬರುತ್ತವೆ. ಇಲಿ ಬಿದ್ದ ಮನೆಯಲ್ಲಿ ಯಾರಿಗಾದರೂ ಜೋರು ಜ್ವರ ಬಂದು, ತೊಡೆಸಂದಿನಲ್ಲೋ ಕಂಕುಳಲ್ಲೋ ನೋಯುವ ಗಡ್ಡೆ ಎದ್ದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಚಿಕಿತ್ಸೆಯಿಲ್ಲದೆ ಅರ್ಧದಷ್ಟು ಜನರನ್ನು ಕೊಲ್ಲುತ್ತಿದ್ದ ಈ ಕಾಯಿಲೆ ಸ್ಟ್ರೆಪ್ಟೊಮೈಸಿನ್, ಡಾಕ್ಸಿಸೈಕ್ಲಿನ್‌ನಂಥ ಔಷಧಿಗಳಿಗೆ ಬಗ್ಗುತ್ತದೆ. ತಡ ಮಾಡಬಾರದು, ಅಷ್ಟೇ. ಇಲಿ ಬಿದ್ದ ವಿಷಯವನ್ನು ವೈದ್ಯರಿಗೆ ಮರೆಯದೆ ಹೇಳಿ, ಅವರು ತಾವಾಗಿ ಕೇಳದೇ ಇರಬಹುದು.